ಭಾರ ಹಾಕದೆ ಬಲ ತಿಳಿಯದು: ಸಂಘದ ಬ್ಯಾಟರಿಗೂ ಕೊಟ್ಟಿಗೆಯ ಕರೆಂಟಿಗೂ ಒಂದು ಸುಲಭ ಪರೀಕ್ಷೆ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು ಮತ್ತು ಹಾಲು ಪರೀಕ್ಷಕರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ. ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ದನದ ಡಾಕ್ಟರು ಬ್ಯಾಟರಿ, ಬಲ್ಬು ಎಂದು ಮಾತನಾಡಲು ಎದ್ದು ನಿಂತರೆ ನಿಮಗೆ ಆಶ್ಚರ್ಯವಾಗಬಹುದು. ಆದರೆ ಇಂದು ನಮ್ಮ ಹೈನುಗಾರಿಕೆ ಹುಲ್ಲು, ಹಿಂಡಿ, ಔಷಧಿಗಳ ಮೇಲೆ ಮಾತ್ರ ನಡೆಯುತ್ತಿಲ್ಲ. ಸದಸ್ಯರು ತಂದ ಹಾಲಿನ ಬೆಲೆಯನ್ನು ತೀರ್ಮಾನಿಸುವುದು ಜಿಡ್ಡಿನ ಅಂಶ ಮತ್ತು ಎಸ್.ಎನ್.ಎಫ್. ಅದನ್ನು ಅಳೆಯುವುದು ವಿದ್ಯುತ್ ಯಂತ್ರ. ತೂಕದ ಯಂತ್ರ, ಕಂಪ್ಯೂಟರ್, ಚೀಟಿ ಮುದ್ರಿಸುವ ಪ್ರಿಂಟರ್ ಎಲ್ಲವೂ ಕರೆಂಟಿನ ಮೇಲೆಯೇ ನಿಂತಿವೆ. ಕೊಟ್ಟಿಗೆಯಲ್ಲೂ ನೀರಿನ ಮೋಟಾರು, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಬಂದಿವೆ. ಕರೆಂಟಿನ ಆರೋಗ್ಯ ಕೆಟ್ಟರೆ ಸದಸ್ಯರ ಜೇಬಿಗೂ ರಾಸುವಿನ ಜೀವಕ್ಕೂ ಪೆಟ್ಟು ಬೀಳುತ್ತದೆ. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವ ರೈತ ಏನು ಮಾಡುತ್ತಾನೆ? ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಮೈಮೇಲೆ ಕೈಯಾಡಿಸುತ್ತಾನೆ. ಅಷ್ಟಕ್ಕೇ ದುಡ್ಡು ಬಿಚ್ಚುವುದಿಲ್ಲ. ನೊಗಕ್ಕೆ ಹೂಡಿ, ಭಾರ ಎಳೆಸಿ ನೋಡುತ್ತಾನೆ. ಗೂಟದ ಬಳಿ ನಿಂತ ಎತ್ತು ಎಲ್ಲವೂ ಚೆಂದವೇ. ಬ್ಯಾಟರಿಯೂ ಹಾಗೆಯೇ. ಸುಮ್ಮನೆ ಕುಳಿತ ಬ್ಯಾಟರಿಗೆ ಮೀಟರ್ ಹಚ್ಚಿದರೆ ಅದು ತೋರಿಸುವ ಅಂಕಿ ನಿಂತ ಎತ್ತಿನ ಅಂದದಂತೆ. ಭಾರ ಹಾಕಿದಾಗಲೇ ಬಲ ತಿಳಿಯುವುದು. ಈ ಭಾರಕ್ಕೆ ವಿದ್ಯುತ್ ಕೆಲಸದವರು 'ಲೋಡ್' ಎನ್ನುತ್ತಾರೆ. ಆ ಲೋಡನ್ನು ನಾವೇ ಕಡಿಮೆ ಖರ್ಚಿನಲ್ಲಿ ತಯಾರಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಪಾಠ.

ಸುಮ್ಮನಿದ್ದ ಬ್ಯಾಟರಿ ಏಕೆ ಮೋಸ ಮಾಡುತ್ತದೆ?

ಇನ್ವರ್ಟರಿಗೆ ನಾವು ಬಳಸುವ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿಯಲ್ಲಿ ಆರು ಸೆಲ್‌ಗಳಿವೆ. ಪೂರ್ತಿ ಚಾರ್ಜ್ ಆದ ಮೇಲೆ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಒಟ್ಟು 12.6 ವೋಲ್ಟ್. ಚಾರ್ಜರ್ ತೆಗೆದು ಮೂರು ನಾಲ್ಕು ಗಂಟೆ ಬಿಟ್ಟು ಮೀಟರ್ ಹಚ್ಚಿದಾಗ ಈ ಅಂಕಿ ಬಂದರೆ 'ಬ್ಯಾಟರಿ ಚೆನ್ನಾಗಿದೆ' ಎಂದು ನಾವು ಸಮಾಧಾನಪಡುತ್ತೇವೆ. ಆದರೆ ವರ್ಷಗಳು ಕಳೆದಂತೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಭಟ್ಟಿ ಇಳಿಸಿದ ನೀರು ಹಾಕುವುದನ್ನು ಮರೆತರೆ ಫಲಕಗಳು ಒಣಗಿ ಇನ್ನೂ ಬೇಗ ಕೆಡುತ್ತವೆ. ಆಗ ಬ್ಯಾಟರಿಯ ಒಳಗೇ ಕರೆಂಟಿನ ಹರಿವಿಗೆ ಅಡ್ಡಿ ಹೆಚ್ಚುತ್ತದೆ, ಹಿಡಿಯುವ ಶಕ್ತಿಯೂ ಕುಗ್ಗುತ್ತದೆ.

ಓವರ್‌ಹೆಡ್ ಟ್ಯಾಂಕಿನಿಂದ ಬರುವ ಪೈಪು ಪಾಚಿಯಿಂದ ಕಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದರೆ ಬರುವುದು ಸಣ್ಣ ಎಳೆ. ಹಳೆಯ ಬ್ಯಾಟರಿಯ ಸ್ಥಿತಿ ಇದೇ. ಮೀಟರ್ ಎಂಬುದು ಮುಚ್ಚಿದ ನಲ್ಲಿಯ ಒತ್ತಡವನ್ನು ಮಾತ್ರ ಹೇಳುತ್ತದೆ.

ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಂಜೆ ಹಾಲು ಹಾಕುವ ಹೊತ್ತು, ಕರೆಂಟು ಹೋಯಿತು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ ಎಂದು ಬೆಳಿಗ್ಗೆಯೇ ನೋಡಿದ್ದರು. 20 ನಿಮಿಷದಲ್ಲಿ ಇನ್ವರ್ಟರ್ ಕೂಗಿ ಬಂದ್ ಆಯಿತು. ಸಾಲಿನಲ್ಲಿ ಇನ್ನೂ ಅರ್ಧ ಜನ ಇದ್ದರು. ಮಾದರಿ ತೆಗೆದಿಟ್ಟರು, ಆದರೆ ಕರೆಂಟು ಬರುವಷ್ಟರಲ್ಲಿ ಕೆಲವು ಮಾದರಿಗಳು ಒಡೆದುಹೋಗಿದ್ದವು. ಒಡೆದ ಹಾಲಿಗೆ ಪರೀಕ್ಷೆ ಇಲ್ಲ. ಹಿಂದಿನ ದಿನದ ಫ್ಯಾಟ್ ಹಾಕೋಣ ಎಂದರು ಒಬ್ಬರು, ಆಗದು ಎಂದರು ಮತ್ತೊಬ್ಬರು. ಮಾತಿಗೆ ಮಾತು ಬೆಳೆಯಿತು. ಲೆಕ್ಕ ನೋಡಿ: ಯಂತ್ರಗಳೆಲ್ಲ ಸೇರಿ ಬ್ಯಾಟರಿಯಿಂದ 15 ಆಂಪಿಯರ್ ಎಳೆದರೆ 20 ನಿಮಿಷಕ್ಕೆ ಖರ್ಚಾದದ್ದು 5 ಆಂಪಿಯರ್-ಅವರ್. ಬ್ಯಾಟರಿಯ ಮೇಲೆ ಬರೆದಿದ್ದುದು 150. ಆ ಬ್ಯಾಟರಿ ಒಂದು ದಿನದಲ್ಲಿ ಸತ್ತದ್ದಲ್ಲ. ತಿಂಗಳುಗಟ್ಟಲೆ ಕುಗ್ಗುತ್ತಿತ್ತು, ಯಾರೂ ಭಾರ ಹಾಕಿ ನೋಡಿರಲಿಲ್ಲ. ಹೋದದ್ದು ಒಂದು ಸಂಜೆಯ ಪರೀಕ್ಷೆ ಮಾತ್ರವಲ್ಲ, ಸದಸ್ಯರಿಗೆ ಸಂಘದ ಮೇಲಿದ್ದ ನಂಬಿಕೆ. ಅದನ್ನು ಮತ್ತೆ ಚಾರ್ಜ್ ಮಾಡುವುದು ಸುಲಭವಲ್ಲ.

ಮೊದಲನೆಯ ಸಾಧನ: ಹೆಡ್‌ಲೈಟ್ ಬಲ್ಬಿನ ಹಲಗೆ

ಮೊದಲು ನಿಮ್ಮ ಸಂಘದ ಯಂತ್ರಗಳ ಹಿಂದೆ ಬರೆದಿರುವ ವ್ಯಾಟ್ ಕೂಡಿಸಿ. ಉದಾಹರಣೆಗೆ ಕಂಪ್ಯೂಟರ್ 65, ಹಾಲು ಪರೀಕ್ಷಾ ಯಂತ್ರ 30, ಪ್ರಿಂಟರ್ 20, ತೂಕದ ಯಂತ್ರ 10, ಎರಡು ದೀಪ 20. ಒಟ್ಟು 145 ವ್ಯಾಟ್. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಆದ್ದರಿಂದ 180 ವ್ಯಾಟಿನ ಭಾರ ಹಾಕಿ ನೋಡುವುದು ಸರಿ.

ಕಾರಿನ ಹೆಡ್‌ಲೈಟಿನ 12 ವೋಲ್ಟ್, 60/55 ವ್ಯಾಟಿನ ಬಲ್ಬು ನಿಮಗೆ ಗೊತ್ತು. ಅದರ 60 ವ್ಯಾಟಿನ ತಂತಿ ಸುಮಾರು 5 ಆಂಪಿಯರ್ ಎಳೆಯುತ್ತದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್: 60 ಭಾಗಿಸು 12, ಉತ್ತರ 5. ಇಂಥ ಮೂರು ಬಲ್ಬು ಸೇರಿದರೆ 15 ಆಂಪಿಯರ್, 180 ವ್ಯಾಟ್. ಈ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ. ಒಂದು ಸುಟ್ಟರೆ ಗ್ಯಾರೇಜಿನವರು ಬಲ್ಬನ್ನೇ ಎಸೆಯುತ್ತಾರೆ. 60 ವ್ಯಾಟಿನ ತಂತಿ ಉಳಿದಿರುವ ಬಲ್ಬುಗಳನ್ನು ಕೇಳಿ ತಂದರೆ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ತಯಾರಿಸುವ ಕ್ರಮ:

1. ಒಂದೂವರೆ ಅಡಿ ಉದ್ದದ ಮರದ ಹಲಗೆಯ ಮೇಲೆ ಮೂರು ಬಲ್ಬುಗಳನ್ನು ಹೋಲ್ಡರ್ ಸಮೇತ, ನಾಲ್ಕು ಬೆರಳು ಅಂತರ ಬಿಟ್ಟು ಕೂರಿಸಿ. ಬಲ್ಬು ಹಲಗೆಗೆ ತಾಗದಂತೆ ತಗಡಿನ ಪಟ್ಟಿಯ ಮೇಲೆ ಎತ್ತಿ ನಿಲ್ಲಿಸಿ. ಉರಿಯುವಾಗ ಬಹಳ ಬಿಸಿಯಾಗುತ್ತದೆ.

2. ಪ್ರತಿಯೊಂದು ಬಲ್ಬಿಗೂ ಟ್ರ್ಯಾಕ್ಟರ್ ಹೆಡ್‌ಲೈಟಿನ ಸ್ವಿಚ್ಚಿನಂಥದೊಂದು ಸ್ವಿಚ್ ಇರಲಿ. ಮೂರನ್ನೂ ಒಂದರ ಪಕ್ಕ ಒಂದು, ಅಂದರೆ ಪ್ಯಾರಲಲ್ ಆಗಿ ಜೋಡಿಸಿ. ಸಾಲಾಗಿ, ಸೀರೀಸಿನಲ್ಲಿ ಜೋಡಿಸಿದರೆ ಮಂಕಾಗಿ ಉರಿಯುತ್ತವೆ, ಪರೀಕ್ಷೆ ನಡೆಯದು.

3. ಮುಖ್ಯ ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದಾಗಿರಲಿ. ತುದಿಗೆ ಗಟ್ಟಿಯಾದ ಬ್ಯಾಟರಿ ಕ್ಲಿಪ್ಪುಗಳನ್ನು ಹಾಕಿ. ಪಾಸಿಟಿವ್ ಕ್ಲಿಪ್ಪಿನ ಹತ್ತಿರವೇ 20 ಆಂಪಿಯರಿನ ವಾಹನದ ಫ್ಯೂಸ್ ಇರತಕ್ಕದ್ದು. ಇದನ್ನು ಬಿಡಬೇಡಿ.

4. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಬೇಗ ಕೆಡುತ್ತದೆ.

ಪರೀಕ್ಷಿಸುವ ಕ್ರಮ:

ಬೆಳಗಿನ ಹಾಲು ಸಂಗ್ರಹ ಮುಗಿದ ಮೇಲೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ದಿನ ಇದನ್ನು ಮಾಡಿ. ಇನ್ವರ್ಟರ್ ಬಂದ್ ಮಾಡಿ ಅದರ ಪ್ಲಗ್ಗನ್ನೂ ತೆಗೆಯಿರಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಕಿಡಿ ತಗುಲಿದರೆ ಸಿಡಿಯಬಲ್ಲದು. ಆದ್ದರಿಂದ ಕಿಟಕಿ ಬಾಗಿಲು ತೆರೆದು, ಮೂರು ನಾಲ್ಕು ಗಂಟೆ ಕಾದು ಮುಂದುವರಿಯಿರಿ. ಬೀಡಿ ಸಿಗರೇಟು ಹತ್ತಿರ ಬರಬಾರದು. ಹಲಗೆಯ ಸ್ವಿಚ್ಚುಗಳೆಲ್ಲ ಆಫ್ ಇರುವಾಗ ಕ್ಲಿಪ್ಪು ಹಾಕಿ, ಆಮೇಲೆ ಸ್ವಿಚ್ ಒತ್ತಿ. ಕಿಡಿ ಏಳುವುದಾದರೆ ಸ್ವಿಚ್ಚಿನಲ್ಲಿ ಏಳಲಿ, ಬ್ಯಾಟರಿಯ ಬಾಯಲ್ಲಿ ಬೇಡ.

ಮೊದಲು ಭಾರವಿಲ್ಲದ ವೋಲ್ಟ್ ಬರೆದುಕೊಳ್ಳಿ. ಬಲ್ಬುಗಳನ್ನು ಒಂದೊಂದಾಗಿ ಹಚ್ಚಿ. ಪ್ರತಿ 10 ನಿಮಿಷಕ್ಕೊಮ್ಮೆ ಬ್ಯಾಟರಿಯ ಕಂಬಗಳಿಗೇ ಮೀಟರ್ ಹಚ್ಚಿ ವೋಲ್ಟ್ ಬರೆಯಿರಿ. ಅರ್ಧ ಗಂಟೆ ಸಾಕು. 150 ಆಂಪಿಯರ್-ಅವರಿನ ಬ್ಯಾಟರಿಗೆ ಸ್ಥೂಲವಾಗಿ ಹೀಗೆ ತಿಳಿಯಿರಿ:

ಅರ್ಧ ಗಂಟೆಯ ನಂತರವೂ 12 ವೋಲ್ಟಿಗಿಂತ ಮೇಲಿದ್ದರೆ ಬ್ಯಾಟರಿ ಗಟ್ಟಿ.

12 ಮತ್ತು 11.5ರ ನಡುವೆ ಇದ್ದರೆ ಎಚ್ಚರಿಕೆ. ನೀರಿನ ಮಟ್ಟ ನೋಡಿ, ಕಂಬಗಳ ತುಕ್ಕು ಒರೆಸಿ, ಪೂರ್ತಿ ಚಾರ್ಜ್ ಮಾಡಿ ಮರುವಾರ ಮತ್ತೆ ಪರೀಕ್ಷಿಸಿ.

11.5ಕ್ಕಿಂತ ಕೆಳಗಿಳಿದರೆ, ಅದನ್ನು ನಂಬಿ ಸಂಜೆಯ ಹಾಲು ಹಾಕಿಸಿಕೊಳ್ಳಬೇಡಿ. ಆಡಳಿತ ಮಂಡಳಿಯ ಮುಂದೆ ಬ್ಯಾಟರಿ ಬದಲಾವಣೆಯ ವಿಷಯ ಇಡಿ.

ಯಾವಾಗಲೇ ಆಗಲಿ 11 ವೋಲ್ಟ್ ಮುಟ್ಟಿದರೆ ಕೂಡಲೇ ಬಲ್ಬು ಆರಿಸಿ. ಪರೀಕ್ಷೆ ಮುಗಿದ ತಕ್ಷಣ ಚಾರ್ಜಿಗೆ ಹಾಕಿ. ಲಿಥಿಯಂ ಬ್ಯಾಟರಿ ಇರುವವರಿಗೆ ಈ ಅಂಕಿಗಳು ಹೊಂದುವುದಿಲ್ಲ.

ಒಂದು ಸಲದ ಅಂಕಿಗಿಂತ ಮೂರು ತಿಂಗಳಿಗೊಮ್ಮೆ ಬರೆದ ಅಂಕಿಗಳ ಸಾಲು ಹೆಚ್ಚು ಹೇಳುತ್ತದೆ. 12.3 ಇದ್ದದ್ದು 12.1 ಆಯಿತು, ಆಮೇಲೆ 11.8 ಆಯಿತು ಎಂದು ಪುಸ್ತಕವೇ ತೋರಿಸಿದರೆ, ಹೊಸ ಬ್ಯಾಟರಿಗೆ ಹಣ ಕೇಳುವಾಗ ಕಾರ್ಯದರ್ಶಿಗಳು ವಾದಿಸಬೇಕಾಗಿಲ್ಲ. ವಾರಂಟಿ ಇರುವಾಗಲೇ ಕುಸಿದರೆ ಮಾರಿದವರ ಮುಂದೆ ಇಡಲೂ ದಾಖಲೆ ಸಿಕ್ಕಿತು.

ಎರಡನೆಯ ಸಾಧನ: ಜನರೇಟರಿಗೆ ಬಲ್ಬು ಮತ್ತು ನೀರು ಕಾಯಿಸುವ ರಾಡು

ಜನರೇಟರ್ ಇರುವ ಸಂಘಗಳಲ್ಲಿ ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿ, ಐದು ನಿಮಿಷ ಬಿಟ್ಟು ನಿಲ್ಲಿಸುವ ಪದ್ಧತಿ ಇದೆ. ಇದು ಎತ್ತನ್ನು ಗೂಟದಿಂದ ಬಿಚ್ಚಿ ಮತ್ತೆ ಕಟ್ಟಿದ ಹಾಗೆ. ಭಾರ ಹಾಕಿ 20 ನಿಮಿಷ ಓಡಿಸಬೇಕು.

230 ವೋಲ್ಟಿನ, 100 ವ್ಯಾಟಿನ ಹಳೆಯ ಕಾಲದ ತಂತಿಬಲ್ಬುಗಳು ಆರು, ಪ್ರತಿಯೊಂದಕ್ಕೂ ಸ್ವಿಚ್ಚು, ಎಲ್ಲವೂ ಪ್ಯಾರಲಲ್. ಇದು 600 ವ್ಯಾಟಿನ ಭಾರ. ಎಲ್.ಇ.ಡಿ. ಬಲ್ಬು ಇದಕ್ಕೆ ಆಗದು. ಅದರ ವ್ಯಾಟ್ ಬಹಳ ಕಡಿಮೆ. ಜೊತೆಗೆ ವೋಲ್ಟೇಜ್ ಏರಿಳಿದರೂ ಅದರೊಳಗಿನ ಸರ್ಕ್ಯೂಟ್ ಬೆಳಕನ್ನು ಸರಿದೂಗಿಸಿ ದೋಷವನ್ನು ಮುಚ್ಚಿಡುತ್ತದೆ. ತಂತಿಬಲ್ಬು ಹಾಗಲ್ಲ. ವೋಲ್ಟೇಜ್ ಕುಸಿದರೆ ಕೆಂಪಗಾಗಿ, ಏರಿದರೆ ಬೆಳ್ಳಗಾಗಿ ಕಣ್ಣಿಗೇ ಹೇಳುತ್ತದೆ. ಇನ್ನೊಂದು ಮಾತು: ತಣ್ಣಗಿರುವ ತಂತಿಬಲ್ಬು ಹಚ್ಚಿದ ಕ್ಷಣದಲ್ಲಿ ಸುಮಾರು ಹತ್ತು ಪಟ್ಟು ಕರೆಂಟು ಎಳೆದು ಆಮೇಲೆ ತಹಬಂದಿಗೆ ಬರುತ್ತದೆ. ಆದ್ದರಿಂದ ಆರನ್ನೂ ಒಟ್ಟಿಗೆ ಹಚ್ಚದೆ ಒಂದೊಂದಾಗಿ ಹಚ್ಚಿ.

ಹೆಚ್ಚಿನ ಭಾರ ಬೇಕಾದರೆ ಮನೆಯಲ್ಲಿ ನೀರು ಕಾಯಿಸುವ 1000 ವ್ಯಾಟಿನ ರಾಡನ್ನೇ ಬಳಸಬಹುದು. ಒಳಗಿನ ನಿಕ್ರೋಮ್ ತಂತಿಯ ರೋಧ ಸುಮಾರು 53 ಓಮ್. 230 ವೋಲ್ಟಿಗೆ 4.3 ಆಂಪಿಯರ್ ಎಳೆಯುತ್ತದೆ. ಬಿಸಿಯಾದರೂ ರೋಧ ಹೆಚ್ಚು ಬದಲಾಗದು. ಅದು ನಿಜಕ್ಕೂ 1000 ವ್ಯಾಟ್ ಕೊಡುತ್ತಿದೆಯೇ ಎಂದು ನೋಡಲು ನಮ್ಮ ಡೇರಿ ಥರ್ಮಾಮೀಟರೇ ಸಾಕು. 15 ಲೀಟರ್ ನೀರು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಲು ಸುಮಾರು ಹತ್ತೂವರೆ ನಿಮಿಷ ಬೇಕು. ಉಷ್ಣ ನೋಡುವ ಮೊದಲು ಪ್ಲಗ್ ತೆಗೆದು ನೀರು ಕಲಕಿ. 15 ನಿಮಿಷ ಹಿಡಿದರೆ ಜನರೇಟರಿನ ವೋಲ್ಟೇಜು ಕುಸಿದಿದೆ, ಇಲ್ಲವೇ ರಾಡು ಹೇಳಿದಷ್ಟು ವ್ಯಾಟಿನದಲ್ಲ. ಮೀಟರ್ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಜನರೇಟರಿನ ಫಲಕದಲ್ಲಿ ಬರೆದ ವ್ಯಾಟಿನ ಮುಕ್ಕಾಲು ಪಾಲು ಭಾರ ಹಾಕಿದರೆ ಸಾಕು. ಆಗ ವೋಲ್ಟೇಜ್ 200ಕ್ಕಿಂತ ಕೆಳಗೆ ಇಳಿದರೆ, ಅಥವಾ ಎಂಜಿನ್ ಏದುಸಿರು ಬಿಡುವಂತೆ ಏರಿಳಿದರೆ ಮೆಕ್ಯಾನಿಕ್ ಕರೆಸಿ. ಹಾಲಿನ ಯಂತ್ರವನ್ನು ಜೋಡಿಸಿ ಈ ಪರೀಕ್ಷೆ ಮಾಡಬೇಡಿ. ಹೋದರೆ ಬಲ್ಬು ಹೋಗಲಿ.

ರಾಡಿನ ವಿಷಯದಲ್ಲಿ ಕಟ್ಟುನಿಟ್ಟು: ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತ್, ಗುರುತಿನವರೆಗೆ ನೀರು. ಪ್ಲಗ್ ತೆಗೆಯದೆ ನೀರಿಗೆ ಬೆರಳು ಹಾಕಕೂಡದು. ಕೆಲವರು ಬಕೆಟ್ಟಿನ ಉಪ್ಪುನೀರಿಗೆ ಎರಡು ತಗಡು ಇಳಿಸಿ ಲೋಡ್ ಮಾಡುವುದುಂಟು. ದೊಡ್ಡ ಜನರೇಟರುಗಳನ್ನು ಪರೀಕ್ಷಿಸುವವರು ನೀರಿನ ಲೋಡನ್ನು ತಕ್ಕ ಏರ್ಪಾಡಿನಿಂದ ಬಳಸಿದ್ದಾರೆ ನಿಜ. ನಮ್ಮಲ್ಲಿ ಅದು ಬೇಡವೇ ಬೇಡ. ಅಲ್ಲಿ ನೀರೇ ಜೀವಂತ ತಂತಿ. ಮಗುವೋ ಕರುವೋ ಬಾಯಿಟ್ಟರೆ ಮುಗಿಯಿತು.

ಮೂರನೆಯ ಸಾಧನ: ಹಸುವಿನ ಬದಲು ನಿಲ್ಲುವ ರೆಸಿಸ್ಟರ್

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಮಿಶ್ರತಳಿ ಹಸು ತೊಟ್ಟಿಯ ಬಳಿ ಬಂದು ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ಅದೇ ನೀರನ್ನು ಬಕೆಟ್ಟಿನಲ್ಲಿ ಹೊರಗೆ ಕೊಟ್ಟರೆ ಗಟಗಟ ಕುಡಿಯುತ್ತದೆ. ಕರೆಯುವ ಜಾಗಕ್ಕೆ ಕಾಲಿಡಲು ಹಿಂಜರಿಯುತ್ತದೆ, ಹಾಲು ಇಳಿಸುವುದಿಲ್ಲ. ದೃಷ್ಟಿಯಾಯಿತು ಎನ್ನುತ್ತಾರೆ. ಕಾಯಿಲೆ ಇದೆಯೇ ಎಂದು ಮೊದಲು ಪಶುವೈದ್ಯರಿಗೆ ತೋರಿಸಿ. ಕಾಯಿಲೆ ಇಲ್ಲವಾದರೆ ಕೊಟ್ಟಿಗೆಯ ಕರೆಂಟನ್ನು ಸಂಶಯಿಸಿ. ಬೆದರಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಹೆಚ್ಚಿ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ನಿಲ್ಲುತ್ತದೆ.

ನಮಗೆ ಚಪ್ಪಲಿ ಇದೆ, ಒಣ ಚರ್ಮವಿದೆ. ಹಸು ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ, ಒದ್ದೆ ಮೂತಿಯಿಂದ ಕಬ್ಬಿಣದ ಪೈಪು ಮುಟ್ಟುತ್ತದೆ. ಮೂತಿಯಿಂದ ಗೊರಸಿನವರೆಗೆ ಅದರ ಮೈಯ ರೋಧವನ್ನು ಸುಮಾರು 500 ಓಮ್ ಎಂದು ಲೆಕ್ಕ ಹಿಡಿಯುತ್ತಾರೆ. ನಾವು ಗಮನಿಸದ ಸಣ್ಣ ಸೋರಿಕೆಯೂ ಅದಕ್ಕೆ ತಾಗುತ್ತದೆ. ಅಮೆರಿಕದ ಕೃಷಿ ಇಲಾಖೆ 1991ರಲ್ಲಿ ಈ ವಿಷಯಕ್ಕಾಗಿಯೇ ಒಂದು ಕೈಪಿಡಿ ಹೊರತಂದಿತು. ಹೈನುಗಾರಿಕೆಗೆ ಹೆಸರಾದ ಅಲ್ಲಿನ ವಿಸ್ಕಾನ್ಸಿನ್ ರಾಜ್ಯದಲ್ಲಿ, 500 ಓಮಿನ ರೆಸಿಸ್ಟರಿನ ಮೇಲೆ 1 ವೋಲ್ಟ್, ಅಂದರೆ 2 ಮಿಲಿ ಆಂಪಿಯರ್ ಬಂದರೆ ಗಮನಿಸಬೇಕಾದ ಮಟ್ಟ ಎಂದು ಪರಿಗಣಿಸುತ್ತಾರೆ.

ಬರಿಯ ಡಿಜಿಟಲ್ ಮೀಟರ್ ಇಲ್ಲಿಯೂ ಮೋಸ ಮಾಡುತ್ತದೆ, ಆದರೆ ಬ್ಯಾಟರಿಯಲ್ಲಿ ಮಾಡಿದ್ದಕ್ಕೆ ಉಲ್ಟಾ. ಅದು ತಾನು ಕರೆಂಟು ಎಳೆಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದ ತಂತಿಯ ಪ್ರಭಾವದಿಂದಲೇ 30-40 ವೋಲ್ಟ್ ತೋರಿಸಿ ಹೆದರಿಸುತ್ತದೆ. ಆದ್ದರಿಂದ ಹಸುವಿನ ಬದಲು 500 ಓಮ್ ಭಾರ ಹಾಕಬೇಕು. ರೇಡಿಯೋ ರಿಪೇರಿ ಅಂಗಡಿಯಲ್ಲಿ 1000 ಓಮ್, 10 ವ್ಯಾಟಿನ ಎರಡು ರೆಸಿಸ್ಟರ್ ತಂದು ಪ್ಯಾರಲಲ್ ಜೋಡಿಸಿದರೆ ಸರಿಯಾಗಿ 500 ಓಮ್.

ಕ್ರಮ ಹೀಗೆ. ರಾಸುಗಳನ್ನು ಹೊರಗೆ ಕಟ್ಟಿ. ಒಣ ರಬ್ಬರ್ ಚಪ್ಪಲಿ ಹಾಕಿಕೊಂಡು, ಟೆಸ್ಟರ್ ಹಿಡಿದು ಪೈಪು ನೋಡಿ. ಟೆಸ್ಟರ್ ಉರಿದರೆ ಮುಂದೆ ಹೋಗಬೇಡಿ, ಮೇನ್ ಆಫ್ ಮಾಡಿ ವೈರ್‌ಮನ್ ಕರೆಸಿ. ಉರಿಯದಿದ್ದರೆ, ಮೇನ್ ಆಫ್ ಮಾಡಿ ಮೀಟರಿನ ಒಂದು ಕ್ಲಿಪ್ಪನ್ನು ತೊಟ್ಟಿಯ ಪೈಪಿಗೆ, ಇನ್ನೊಂದನ್ನು ಹಸು ನಿಲ್ಲುವ ಒದ್ದೆ ನೆಲದ ಮೇಲಿಟ್ಟ ಕಬ್ಬಿಣದ ತಗಡಿಗೆ ಹಾಕಿ. ತಗಡಿನಡಿ ಒದ್ದೆ ಬಟ್ಟೆ, ಮೇಲೆ ಭಾರದ ಕಲ್ಲು ಇರಲಿ. ಮೀಟರ್ ಎ.ಸಿ. ವೋಲ್ಟಿನಲ್ಲಿರಲಿ. ದೂರ ನಿಂತು ಮೇನ್ ಹಾಕಿಸಿ, ಮೋಟಾರು ಓಡಿಸಿ ಅಂಕಿ ಓದಿ. 50 ವೋಲ್ಟ್ ಮೀರಿದರೆ ಅಲ್ಲಿಗೇ ನಿಲ್ಲಿಸಿ, ವೈರ್‌ಮನ್ ಬರಲಿ. ಕಡಿಮೆ ಇದ್ದರೆ ಮತ್ತೆ ಮೇನ್ ಆಫ್ ಮಾಡಿ, ಎರಡು ಕ್ಲಿಪ್ಪುಗಳ ನಡುವೆ ರೆಸಿಸ್ಟರ್ ಜೋಡಿಸಿ, ಮೇನ್ ಹಾಕಿಸಿ ಓದಿ.

ಮೊದಲು 40 ಇದ್ದದ್ದು ಈಗ ಸೊನ್ನೆಗೆ ಇಳಿದರೆ ಅದು ಬರಿಯ ನೆರಳು, ಹಸುವಿಗೆ ತಾಗದು. ಮೊದಲು 5 ಇದ್ದದ್ದು ಈಗಲೂ ನಾಲ್ಕೂವರೆ ಇದ್ದರೆ ಅದು ನಿಜವಾದ ಸೋರಿಕೆ. ಹಸುವಿನ ಮೈಯಲ್ಲಿ 9 ಮಿಲಿ ಆಂಪಿಯರ್ ಹರಿಯುತ್ತಿದೆ ಎಂದರ್ಥ. 1 ವೋಲ್ಟ್ ಮೀರಿದರೆ ಸುಮ್ಮನೆ ಬಿಡಬೇಡಿ. ಮೋಟಾರು, ಮೇವಿನ ಯಂತ್ರ, ಹಾಲು ಕರೆಯುವ ಯಂತ್ರ ಇವುಗಳನ್ನು ಒಂದೊಂದಾಗಿ ನಡೆಸಿ, ಯಾವುದು ನಡೆದಾಗ ಅಂಕಿ ಏರುತ್ತದೆ ಎಂದು ಗುರುತಿಸಿ. ಮೇನ್ ಆಫ್ ಇದ್ದಾಗಲೂ ಅಂಕಿ ಉಳಿದರೆ ದೋಷ ಹೊರಗಿನ ಲೈನಿನಿಂದ ಬರುತ್ತಿರಬಹುದು, ಲೈನ್‌ಮನ್‌ಗೆ ತಿಳಿಸಿ. ದುರಸ್ತಿಯನ್ನು ಲೈಸೆನ್ಸ್ ಇರುವ ವೈರ್‌ಮನ್ ಮಾಡಲಿ. ಕೊಟ್ಟಿಗೆಗೆ ಒಳ್ಳೆಯ ಅರ್ತಿಂಗ್ ಮತ್ತು 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಇರಲೇಬೇಕು. ಇಂದು ಸಣ್ಣಗೆ ಸೋರುವ ಮೋಟಾರು ಮಳೆಗಾಲದ ಒಂದು ರಾತ್ರಿ ರಾಸುವನ್ನೂ ಬಲಿ ತೆಗೆದುಕೊಳ್ಳಬಹುದು, ಅದನ್ನು ಬಿಚ್ಚಲು ಓಡಿಹೋದ ಮನೆಯವರನ್ನೂ ಸಹ.

ಬಂಧುಗಳೇ, ಬಲ್ಬಿನ ಹಲಗೆ ಸಂಘಕ್ಕೆ ಒಂದು ಸಾಕು. ರೆಸಿಸ್ಟರ್ ಜೋಡಿಯನ್ನು ಸಂಘದಲ್ಲಿಟ್ಟು ಸದಸ್ಯರಿಗೆ ಸರದಿಯ ಮೇಲೆ ಕೊಡಬಹುದು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಇಡಿ. ಪರೀಕ್ಷೆಯ ಹೊಣೆಯನ್ನು ಒಬ್ಬರ ಹೆಸರಿಗೆ ಬರೆಯಿರಿ. ದಿನಾಂಕ, ಭಾರವಿಲ್ಲದ ವೋಲ್ಟ್, ಅರ್ಧ ಗಂಟೆಯ ನಂತರದ ವೋಲ್ಟ್, ನೀರು ಹಾಕಿದ ದಿನ, ಸಹಿ, ಹೀಗೆ ಐದು ಕಲಮಿನ ಒಂದು ಪುಟ ಸಾಕು. ಅದನ್ನು ಗೋಡೆಗೆ ಅಂಟಿಸಿ, ಹಾಲು ಹಾಕಲು ಬರುವ ಎಲ್ಲರೂ ಓದಲಿ.